ಮೂಟೆಗೆ ತೆರೆದ ಬಾಗಿಲು

ನಮ್ಮೂರಿನಲ್ಲಿ ಬೀಗ ಮಾರುವ ಅಂಗಡಿ ಇರುವುದು ಒಂದೇ. ಅಲ್ಲಿಂದ ಬೀಗ ಕೊಳ್ಳುವವರು ಕೆಳಗಿನ ಪಟ್ಟಣಕ್ಕೆ ಹೋಗುವವರು ಮಾತ್ರ, ಟ್ರಂಕಿಗೆ ಹಾಕಿಕೊಳ್ಳುವುದಕ್ಕೆ. ಮನೆಯ ಬಾಗಿಲಿಗೆ ಬೀಗ ಹಾಕಿದವರನ್ನು ನಾನು ಇಲ್ಲಿ ಕಂಡಿಲ್ಲ. ಪ್ರತಿ ಹೊಸ್ತಿಲ ಮುಂದೆಯೂ ಒಂದು ಮೆಟ್ಟುಗಲ್ಲು ಇರುತ್ತದೆ. ಮನೆಯವರು ಬಂದು ಅದರ ಮೇಲೆ ನಿಂತರೆ ಕಲ್ಲಿಗೆ ಅವರ ಭಾರ ತಿಳಿಯುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ. ಹೊರಗಿನವರು ನಿಂತರೆ ತೆರೆಯುವುದಿಲ್ಲ, ಒಳಗಿನವರು ಯಾರಾದರೂ ಬಂದು ತೆಗೆಯಬೇಕು. ಹಾಗೆ ಇನ್ನೊಬ್ಬರ ಕೈಯಿಂದ ತೆಗೆಸಿಕೊಂಡು ಬಂದವರು ಯಾರೇ ಆಗಿರಲಿ, ಅವರು ಆ ಮನೆಗೆ ನೆಂಟರು. ನಡುಮನೆಯ ಚಾಪೆಯ ಮೇಲೆ ಕೂರಬೇಕು, ಬೆಲ್ಲ ನೀರು ತೆಗೆದುಕೊಳ್ಳಬೇಕು, ಎಲೆ ತುಂಬ ಬಡಿಸಿದ್ದನ್ನು ಉಣ್ಣಬೇಕು. ಅಡುಗೆಮನೆಗೆ ಕಾಲಿಡುವ ಹಾಗಿಲ್ಲ.

ನಮ್ಮ ಮನೆಯದು ಎರಡು ಕದದ ಬಾಗಿಲು. ನಮ್ಮ ಅತ್ತೆ ಗುರುಸಿದ್ದಮ್ಮ ನಿಂತರೆ ಎಡಗಡೆಯ ಕದ ನಿಧಾನಕ್ಕೆ, ಅವರ ನಡಿಗೆಯ ಹಾಗೆಯೇ, ತೆರೆಯುತ್ತದೆ. ನಮ್ಮ ಯಜಮಾನರು ಶಿವಬಸಪ್ಪನವರಿಗೂ ಎಡಗಡೆಯದೇ. ಮಗಳು ವಚನಾ ಕಲ್ಲಿನ ಮೇಲೆ ಹಾರುವ ಮೊದಲೇ ಅದು ತೆರೆದಿರುತ್ತದೆ ಅನ್ನಿಸುತ್ತದೆ. ನನಗೆ ಮಾತ್ರ ಎರಡೂ ಕದ ತೆರೆಯುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಹಾಗಿರಲಿಲ್ಲ. ವಚನಾ ಹುಟ್ಟಿದ ಮೇಲೆ ಮೈ ಬಂತು. ಬಂದದ್ದು ಹೋಗಲಿಲ್ಲ, ವರ್ಷಕ್ಕಿಷ್ಟು ಸೇರುತ್ತಲೇ ಹೋಯಿತು. ಒಂದೇ ಕದದಲ್ಲಿ ಅಡ್ಡ ತಿರುಗಿ, ಉಸಿರು ಬಿಗಿಹಿಡಿದು ಒಳಗೆ ಬರುತ್ತಿದ್ದೆ. ಒಂದು ದಿನ ಸಂತೆಯಿಂದ ಬಂದು ನಿಂತಾಗ ಬಲಗಡೆಯ ಕದವೂ ಸದ್ದು ಮಾಡುತ್ತ ತೆರೆಯಿತು. ಮನೆಗೇ ನನ್ನ ಮೇಲೆ ಕನಿಕರ ಬಂದಿತ್ತು. ನನಗೆ ಸಂತೋಷ ಪಡಬೇಕೋ ನಾಚಿಕೊಳ್ಳಬೇಕೋ ತಿಳಿಯಲಿಲ್ಲ. ಅತ್ತೆ ಮಾತ್ರ, "ಹೋಗ್ಲಿ ಬಿಡು. ಈ ಬಲಗಡೆ ಕದಕ್ಕೆ ಎಣ್ಣೆ ಹಾಕಿ ಎಷ್ಟೋ ವರ್ಷ ಆಗಿತ್ತು, ಜ್ಞಾಪಕ ಬಂತು," ಅಂದು ಹರಳೆಣ್ಣೆ ತರಲು ಹೋದರು.

ದಪ್ಪಗಿರುವವರಿಗೆ ಗೊತ್ತು, ತೂಕ ಇಳಿಸುವುದು ಹೇಗೆ ಅಂತ ಹೇಳಿಕೊಡದ ಮನುಷ್ಯ ಭೂಮಿಯ ಮೇಲೆ ಇಲ್ಲ. ಹುರುಳಿ ಬೇಯಿಸಿದ ನೀರು ಕುಡಿದೆ. ಅನ್ನ ಬಿಟ್ಟೆ, ಆಮೇಲೆ ಮುದ್ದೆ ಬಿಟ್ಟೆ. ಗುಡ್ಡದ ಬುಡದವರೆಗೆ ನಡೆದೆ. ಇಳಿಯುತ್ತಿತ್ತು, ಇಳಿದದ್ದು ತನ್ನ ಜೊತೆಗೆ ಇನ್ನಷ್ಟನ್ನು ಕರೆದುಕೊಂಡು ವಾಪಸು ಬರುತ್ತಿತ್ತು. ಸಕ್ಕರೆ ಕಾಯಿಲೆ ಬಂತು, ಮಂಡಿ ಹೋಯಿತು, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ನಿದ್ದೆ ಮಾಡುವುದು ಅಭ್ಯಾಸವಾಯಿತು. ಬಸ್ಸಿನ ಕಂಡಕ್ಟರು, "ಅಮ್ಮಾ, ನಿಮ್ಮ ಪಕ್ಕ ಯಾರನ್ನ ಕೂರಿಸ್ಲಿ, ನೀವೇ ಹೇಳಿ," ಅನ್ನುತ್ತಿದ್ದ. ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಜೈಬುನ್ನಿಸಾ ನನ್ನ ರವಿಕೆಯ ಅಳತೆಗೆ ಎರಡು ಟೇಪು ಸೇರಿಸಿ ಹೊಲಿದು ಇಟ್ಟುಕೊಂಡಿದ್ದಳು. ಅದನ್ನು ಬೇರೆ ಯಾರಿಗೂ ತೋರಿಸದೆ ಡಬ್ಬಿಯೊಳಗೆ ಸುತ್ತಿಡುತ್ತಿದ್ದಳು. ಅವಳು ಅಷ್ಟು ಒಳ್ಳೆಯವಳು, ಬಾಯಿ ಮಾತ್ರ ಜೋರು.

ಆ ಬಾಯಿಂದಲೇ ನನಗೆ ಒಂದು ವಿಷಯ ತಿಳಿದದ್ದು. ಶಾಲೆಯಿಂದ ನಮ್ಮ ಮನೆಗೆ ಏರುಬೀದಿ. ವಚನಾಳನ್ನು ಕರೆತರಲು ಹೋದಾಗ ನಾನು ಮೂರು ಕಡೆ ಕೂರುತ್ತಿದ್ದೆ. ಮೊದಲು ಬಾವಿಕಟ್ಟೆ, ಆಮೇಲೆ ಗರಡಿಮನೆಯ ಜಗಲಿ, ಕೊನೆಗೆ ಜೈಬುನ್ನಿಸಾಳ ಅಂಗಡಿ ಮೆಟ್ಟಿಲು. ಮಗು ನನ್ನ ಪಕ್ಕ ಕೂತು ಕಾಲು ಆಡಿಸುತ್ತಿತ್ತು. ಅವಳಿಗೆ ಹನ್ನೆರಡಾದ ಮೇಲೆ ಒಬ್ಬಳೇ ಬರತೊಡಗಿದಳು. ಒಂದು ದಿನ ರವಿಕೆಗೆ ಹೋದಾಗ ಜೈಬುನ್ನಿಸಾ ದಾರ ಹಲ್ಲಿನಲ್ಲಿ ಕಡಿಯುತ್ತ ಅಂದಳು, "ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿನ್ ಮಗಳಿಗೂ ಮಂಡಿ ನೋವಾ?"

"ಅವಳಿಗ್ಯಾಕೆ ಮಂಡಿ ನೋವು? ಜಿಂಕೆ ಇದ್ದಂಗೆ ಇದಾಳೆ."

"ಮತ್ತೆ ದಿನಾ ಬಂದು ಈ ಮೆಟ್ಲು ಮೇಲೆ ಕೂತ್ಕೊಂಡು ಹೋಗ್ತಾಳೆ. ಒಬ್ಳೇ ಇದ್ರೂನೂ. ನೀರು ಬೇಕಾ ಅಂದ್ರೆ ಬೇಡ ಅಂತಾಳೆ. ಸುಸ್ತಾ ಅಂದ್ರೆ ಇಲ್ಲ ಅಂತಾಳೆ. ಸುಮ್ನೆ ಕೂತಿದ್ದು ಎದ್ದು ಹೋಗ್ತಾಳೆ."

ನಾನು ಮಾರನೆಯ ದಿನ ಮಾಳಿಗೆಯ ಕಿಟಕಿಯಿಂದ ನೋಡಿದೆ. ಬೇರೆ ಮಕ್ಕಳು ಕೂಗಾಡಿಕೊಂಡು ಏರು ಹತ್ತಿ ಓಡುತ್ತಿದ್ದವು. ನನ್ನ ಮಗಳು ಬಾವಿಕಟ್ಟೆಯ ಮೇಲೆ ಕೂತಿದ್ದಳು. ಎದ್ದು ಬಂದು ಗರಡಿಮನೆಯ ಹತ್ತಿರ ಮತ್ತೆ ಕೂತಳು. ಮನೆಗೆ ಬಂದ ಮೇಲೆ ಯಾಕೆ ಅಂತ ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಲ್ಲಿ ಕೂರಬೇಕಲ್ಲಮ್ಮ," ಅಂದಳು. ದಾರಿ ಅಂದರೆ ಹಾಗೇ ಇರುತ್ತದೆ ಅಂತ ಅವಳು ತಿಳಿದಿದ್ದಳು.

ಆಪರೇಷನ್ನಿನ ವಿಷಯ ಪಟ್ಟಣದಲ್ಲಿರುವ ನಮ್ಮ ಅಕ್ಕ ಗೌರಾಂಬಿಕೆ ಎಷ್ಟೋ ಸಲ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವಳ ಜೊತೆ ಹೋಗಿ ಡಾಕ್ಟರಮ್ಮನ ಮುಂದೆ ಕೂತೆ. ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆತ್ತಗೆ. ಹೊಟ್ಟೆಯ ಚೀಲವನ್ನು ಬಾಳೆಕಾಯಿಯಷ್ಟು ಉಳಿಸಿ ಮಿಕ್ಕದ್ದನ್ನು ತೆಗೆಯುತ್ತೇವೆ ಅಂದರು. ಜೀವನಪೂರ್ತಿ ಅಷ್ಟಷ್ಟೇ ತಿನ್ನಬೇಕು, ಮಾತ್ರೆ ತಪ್ಪಿಸುವ ಹಾಗಿಲ್ಲ, ಇದು ಮಂತ್ರ ಅಲ್ಲ ಅಂತಲೂ ಹೇಳಿದರು. "ನೀವು ಒಬ್ಬ ಬೆಳೆದ ಹುಡುಗಿಯಷ್ಟು ಭಾರ ಮೈಮೇಲೆ ಹೊತ್ಕೊಂಡು ಓಡಾಡ್ತಿದೀರಿ. ಮಂಡಿ ಪಾಪ ಏನ್ಮಾಡುತ್ತೆ. ನಿಮಗೆ ಭಯ ಇದ್ದರೆ ಏನು ಭಯ ಅಂತ ಹೇಳಿ."

"ಬಾಗಿಲಿಂದು ಭಯ," ಅಂದೆ.

ಅವರು ಅಕ್ಕನ ಮುಖ ನೋಡಿದರು. ಅಕ್ಕ ನಮ್ಮೂರಿನವಳಲ್ಲವಾದರೂ ನನ್ನಿಂದ ಎಲ್ಲ ಕೇಳಿದ್ದವಳು. "ಅದೇನೋ ಅವರ ಕಡೆ ಹಾಗಂತೆ, ನೀವು ಬರ್ಕೊಳ್ಳಿ," ಅಂದುಬಿಟ್ಟಳು.

ನನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. ದಿನದಿನಕ್ಕೆ ಊದಿದರೂ ಒಣಗಿದರೂ ಕಲ್ಲು ಸಹಿಸಿಕೊಳ್ಳುತ್ತದೆ, ಅದೂ ಜೊತೆಜೊತೆಗೆ ಕಲಿಯುತ್ತ ಬರುತ್ತದೆ. ಆದರೆ ಊರು ಬಿಟ್ಟು ಹೋಗಿ ಬೇರೆ ಮೈ ಹೊತ್ತುಕೊಂಡು ಬಂದವರನ್ನು ಅದು ಸುಲಭಕ್ಕೆ ಒಪ್ಪುವುದಿಲ್ಲ. ಲಾರಿ ಓಡಿಸುವ ಪರ್ವತಯ್ಯ ದೂರದಲ್ಲೆಲ್ಲೋ ಕಾಮಾಲೆಯಾಗಿ ಕಡ್ಡಿಯ ಹಾಗೆ ಬಂದಾಗ, ಮತ್ತೆ ಮೈ ತುಂಬುವವರೆಗೆ ತನ್ನ ಮನೆಯ ಜಗಲಿಯ ಮೇಲೆಯೇ ಮಲಗಿದ್ದ. ಒಳಗೆ ಕರೆದರೆ, "ನನ್ ಮನೇಲಿ ನಾನು ನೆಂಟ ಆಗಲ್ಲ," ಅಂತ ಹಟ. ಹೆಂಡತಿ ಕಿಟಕಿಯಿಂದ ತುಪ್ಪದ ಅನ್ನ ಕೊಡುತ್ತಿದ್ದಳು. ಅವನಾದರೋ ಮತ್ತೆ ದಪ್ಪಗಾದ. ನಾನು ಹೋಗುವುದೇ ಮತ್ತೆ ಹಾಗಾಗದೇ ಇರಲಿ ಅಂತ. ನನಗೆ ಜಗಲಿಯೇ ಗತಿಯಾದರೆ?

ಹೆರಿಗೆಗೆ ಮಾತ್ರ ಹಿಂದಿನವರು ಒಂದು ದಾರಿ ಮಾಡಿದ್ದರು. ತುಂಬಿದ ಹೊಟ್ಟೆಯಲ್ಲಿ ತವರಿಗೆ ಹೋದವಳು ಮಗುವಿನ ಸಮೇತ ಬಂದು ಕಲ್ಲಿನ ಮೇಲೆ ನಿಲ್ಲುತ್ತಾಳೆ. ಇಬ್ಬರೂ ಸೇರಿದರೆ ಹೆಚ್ಚುಕಡಿಮೆ ಹೋದಾಗಿನ ಭಾರವೇ, ಬಾಗಿಲು ತೆರೆಯುತ್ತದೆ. ಆಗ ಅತ್ತೆಯಾದವಳು ಒಳಗಿನಿಂದ ಕೈ ಚಾಚಿ ಮಗುವನ್ನು ತೆಗೆದುಕೊಳ್ಳುತ್ತಾಳೆ. ತಾಯಿ ಅಲ್ಲೇ ಕಲ್ಲಿನ ಮೇಲೆ ನಿಂತಿರಬೇಕು, ಭಾರ ಎಲ್ಲಿ ಹೋಯಿತು ಅಂತ ಕಲ್ಲಿಗೆ ಸಮಾಧಾನವಾಗುವವರೆಗೆ. ವಚನಾಳನ್ನು ಅತ್ತೆಯ ಕೈಗೆ ಕೊಟ್ಟು ನಾನೂ ಹಾಗೆ ನಿಂತಿದ್ದೆ. "ಕಲ್ಲಿಗೆ ಗಾಬರಿ ಆಗಿರುತ್ತೆ ಕಣೆ, ಅವಸರ ಮಾಡ್ಬೇಡ," ಅಂದಿದ್ದರು ಅತ್ತೆ. ಆದರೆ ಆಪರೇಷನ್ನಿನಲ್ಲಿ ಕಳೆದ ಭಾರವನ್ನು ಯಾರ ಕೈಗೆ ಕೊಡುವುದು? ಅತ್ತೆಯೇ ಕೇಳಿದರು, "ಹೊಟ್ಟೆ ಕೊಯ್ಸ್ಕೊಂಡು ಬಂದು ಕಲ್ಲಿಗೆ ಏನು ಲೆಕ್ಕ ಹೇಳ್ತೀಯ?" ಯಜಮಾನರು ಹಿಟ್ಟಿನ ಗಿರಣಿ ಇಟ್ಟವರು, ಮಾತು ಕಡಿಮೆ. ಒಂದು ದಿನ ಪೂರ್ತಿ ಯೋಚಿಸಿ, "ನೀನು ಹೋಗ್ಬಾ ಮಂಗಳಾ. ಮನೆ ನಿನ್ನ ಮರೀದಂಗೆ ನಾನು ನೋಡ್ಕೋತೀನಿ," ಅಂದರು. ಏನು ನೋಡಿಕೊಳ್ಳುತ್ತಾರೆ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ಆಪರೇಷನ್ ಆದ ಮೇಲೆ ಡಾಕ್ಟರಮ್ಮ ಕಣ್ಣಳತೆಯಲ್ಲೇ ಇರಬೇಕು ಅಂದರು, ನಮ್ಮೂರಿನ ಬಸ್ಸೋ ಇಡೀ ದಿನದ ದಾರಿ. ಅಕ್ಕನ ಮನೆಯಲ್ಲೇ ಉಳಿದೆ. ಮೊದಲು ಬರೀ ನೀರು, ಆಮೇಲೆ ಬೇಳೆಕಟ್ಟು, ಆಮೇಲೆ ಮಗುವಿಗೆ ಕಲಸುವ ಹಾಗೆ ಕಲಸಿದ ಅನ್ನ. ನಾಲ್ಕು ಚಮಚಕ್ಕೆ ಹೊಟ್ಟೆ ಸಾಕು ಅನ್ನುತ್ತಿತ್ತು, ಬಾಯಿ ಮಾತ್ರ ಇನ್ನೂ ಹಳೆಯ ಮಂಗಳಳದೇ. ಅಕ್ಕನ ಮೊಮ್ಮಗ ಬಿಟ್ಟ ಅರ್ಧ ಇಡ್ಲಿ ನೋಡಿ ನನಗೆ ಅಳು ಬಂದದ್ದೂ ಇದೆ. ತಿನ್ನಬೇಕು ಅಂತಲೋ, ತಿನ್ನಲಾರೆ ಅಂತಲೋ ಇವತ್ತಿಗೂ ಹೇಳಲಾರೆ. ತಿಂಗಳುಗಳು ಕಳೆದ ಹಾಗೆ ಬಳೆ ಮೊಣಕೈವರೆಗೆ ಜಾರಿತು, ಕೂದಲು ಉದುರಿತು, ತೋಳಿನ ಚರ್ಮ ಒಣಗಲು ಹಾಕಿದ ಬಟ್ಟೆಯ ಹಾಗೆ ಇಳಿಬಿತ್ತು. ಮಂಡಿ ನೋವು ಯಾವ ದಿನ ಬಿಟ್ಟಿತೋ ಗೊತ್ತೇ ಆಗಲಿಲ್ಲ. ಒಂದು ದಿನ ಬೆನ್ನು ಹಾಸಿಗೆಗೆ ಕೊಟ್ಟು ಮಲಗಿದ್ದೆ. ಎಚ್ಚರವಾಗಿ ಮೇಲೆ ಸೂರು ಕಂಡಾಗ ಎಲ್ಲಿದ್ದೇನೆ ಅಂತ ಗಾಬರಿಯಾಯಿತು. ಅಂಗಡಿಯಿಂದ ಬಂದರೆ ಅಕ್ಕನ ಬಾಗಿಲ ಮುಂದೆ ಕೈಯಲ್ಲಿ ಕೀಲಿಕೈ ಹಿಡಿದುಕೊಂಡೇ ಬಾಗಿಲು ತೆರೆಯಲಿ ಅಂತ ನಿಂತಿರುತ್ತಿದ್ದೆ. ಪಕ್ಕದ ಮನೆಯವರು ಅಕ್ಕನನ್ನು, "ನಿಮ್ಮ ತಂಗಿಗೆ ತಲೆಗೂ ಏನಾದ್ರೂ ಆಪರೇಷನ್ ಆಯ್ತಾ?" ಅಂತ ಕೇಳಿದರಂತೆ.

ಫೋನಿನಲ್ಲಿ ಯಜಮಾನರನ್ನು, "ಮನೆ ಹೇಗಿದೆ?" ಅಂತ ಕೇಳಿದರೆ, "ಮನೆ ನಿನ್ನ ಮರ್ತಿಲ್ಲ ಕಣೆ. ನಿನ್ನೆ ಸಾಯಂಕಾಲವೂ ಎರಡೂ ಕದ ತೆರೀತು," ಅನ್ನುತ್ತಿದ್ದರು. ನನ್ನನ್ನು ಸಮಾಧಾನ ಮಾಡಲು ಹೇಳುವ ತಮಾಷೆ ಅಂದುಕೊಂಡು ನಗುತ್ತಿದ್ದೆ.

ಊರಿಗೆ ಬಂದ ದಿನ ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಜೈಬುನ್ನಿಸಾ ನನ್ನ ಸುತ್ತ ಒಂದು ಸುತ್ತು ಬಂದು, "ಯಾ ಅಲ್ಲಾ, ಅಕ್ಕಾ, ನನ್ ಎರಡನೇ ಟೇಪು ವಾಪಸ್ ಕೊಟ್ಬಿಟ್ಯಲ್ಲ," ಅಂದಳು. ಎಲ್ಲರೂ ನಕ್ಕರು. ನಾನು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತೆ. ಬಾಗಿಲು ಅಲ್ಲಾಡಲಿಲ್ಲ. ಇನ್ನೊಂದು ಕಾಲು ಊರಿ, ಸೆರಗು ಹೊದ್ದು, ನೆಟ್ಟಗೆ ನಿಂತೆ. ಇಲ್ಲ. ನಗುತ್ತಿದ್ದವರು ಒಬ್ಬೊಬ್ಬರೇ ತಮ್ಮ ತಮ್ಮ ಮನೆಯ ಕೆಲಸ ಜ್ಞಾಪಿಸಿಕೊಂಡು ಹೋದರು.

"ಕಲ್ಲು ನಿನ್ನ ಮರೆತು ಬರಿದಾಗಿದ್ರೆ ಹೊಸ ಮದುವಣಗಿತ್ತೀನ ತೋರಿಸಿದಂಗೆ ನಿನ್ನ ಮತ್ತೆ ತೋರಿಸ್ಬೋದಾಗಿತ್ತು," ಅತ್ತೆ ಒಳಗಿನಿಂದಲೇ ಅಂದರು. "ಅದು ಬರಿದಾಗಿಲ್ಲವಲ್ಲ, ಹಳೇ ಭಾರಾನೇ ಹಿಡ್ಕೊಂಡು ಕೂತಿದೆ, ಅದೇ ಕಷ್ಟ." ಅವರು ಹೇಳುತ್ತಿದ್ದುದು ಮಗನ ಕಡೆ ನೋಡಿಕೊಂಡು. ಯಜಮಾನರು ತಲೆ ತಗ್ಗಿಸಿದ್ದರು.

ಹೇಳಿದವಳು ವಚನಾ. "ಅಪ್ಪ ದಿನಾ ಗಿರಣಿಯಿಂದ ಮೂಟೆ ತಂದು ಕಲ್ಲಿನ ಮೇಲೆ ಇಡ್ತಿದ್ರಮ್ಮ. ರಾಗಿದೊಂದು, ಅಕ್ಕಿದೊಂದು, ಮೇಲೊಂದು ಸಣ್ಣ ಚೀಲ ಜೋಳ. ಸರಿಯಾಗಿ ನಿನ್ನಷ್ಟೇ. ಆಗ ಎರಡೂ ಕದ ತೆರೀತಿತ್ತು."

"ನನ್ನ ತೂಕ ನಿಮಗೆ ಯಾರು ಹೇಳಿದ್ದು?" ಅಂದೆ. ಅಷ್ಟು ವರ್ಷಗಳಲ್ಲಿ ಅವರು ಒಂದು ದಿನವೂ ಅದನ್ನು ಕೇಳಿದವರಲ್ಲ.

"ಯಾರೂ ಹೇಳ್ಲಿಲ್ಲ," ಅಂದರು ಅವರು. "ಬಲಗಡೆ ಕದ ತೆರೆಯೋವರೆಗೂ ಹಿಡಿಹಿಡಿ ಜೋಳ ಹಾಕ್ತಾ ಹೋದೆ. ಮನೆ ನಿನ್ನ ಮರೀಬಾರ್ದು ಅಂತ ಮಾಡಿದ್ದು. ಆಮೇಲೆ... ಎರಡೂ ಕದ ತೆರ್ಕೊಂಡಾಗ ನೀನೇ ಬಂದಂಗೆ ಇರೋದು ಮಂಗಳಾ. ಬಿಡಕ್ಕೆ ಆಗ್ಲಿಲ್ಲ."

ಕೋಪ ಮಾಡಿಕೊಳ್ಳೋಣ ಅಂದರೆ ಯಾರ ಮೇಲೆ? ನಾನು ಅತ್ತ ಬಾಳೆಕಾಯಿಯಷ್ಟು ಹೊಟ್ಟೆಯಲ್ಲಿ ದಿನಕ್ಕಿಷ್ಟು ಕರಗುತ್ತಿದ್ದಾಗ ಇತ್ತ ಈ ಮನುಷ್ಯ ದಿನಾ ಸಾಯಂಕಾಲ ನನ್ನನ್ನು ಹೊತ್ತು ತಂದು ಬಾಗಿಲಲ್ಲಿ ಇಳಿಸುತ್ತಿದ್ದರು. ಆ ಮೂಟೆಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಮೇಲೇ ನನಗೆ ಹೊಟ್ಟೆಕಿಚ್ಚು ಅಂದರೂ ಸರಿಯೇ.

ಅತ್ತೆ ಒಳಗಿನಿಂದ ಬಾಗಿಲು ತೆಗೆದರು. ತೆಗೆದ ಮೇಲೆ ಅವರಿಗೂ ಬೇರೆ ದಾರಿಯಿರಲಿಲ್ಲ. ಊರಿನ ಮರ್ಯಾದೆಯಲ್ಲಿ ಹುಟ್ಟಿ ಬೆಳೆದವರು. ಚಾಪೆ ಹಾಸಿ, ತಟ್ಟೆಯಲ್ಲಿ ಬೆಲ್ಲ ನೀರು ತಂದು ನನ್ನ ಮುಂದಿಟ್ಟು, ಬೇರೆ ಕಡೆ ನೋಡುತ್ತ, "ತಗೊಳ್ಳಿ," ಅಂದರು. ನನಗೆ ಆ ಮನೆಯಲ್ಲಿ ಯಾರೂ ಯಾವತ್ತೂ 'ತಗೊಳ್ಳಿ' ಅಂದಿರಲಿಲ್ಲ. ಊಟಕ್ಕೆ ಎಲೆ ಹಾಕಿದರು. ನೆಂಟರ ಎಲೆ, ಪಲ್ಯ, ಕೋಸಂಬರಿ, ಒಬ್ಬಟ್ಟು, ಮೇಲೆ ಗುಡ್ಡದ ಹಾಗೆ ಅನ್ನ. ನೆಂಟರು ಬೇಡ ಅನ್ನುವ ಹಾಗಿಲ್ಲ, ನಾನು ನಾಲ್ಕು ತುತ್ತಿಗಿಂತ ಹೆಚ್ಚು ತಿನ್ನುವ ಹಾಗಿಲ್ಲ. ವಚನಾ ಪಕ್ಕದಲ್ಲಿ ಕೂತು ಅಜ್ಜಿ ತಿರುಗಿದಾಗಲೆಲ್ಲ ನನ್ನ ಎಲೆಯಿಂದ ತನ್ನ ಎಲೆಗೆ ಸರಿಸಿಕೊಂಡಳು. ಅತ್ತೆ ನೋಡಿಯೂ ನೋಡದ ಹಾಗೆ ಎರಡು ಸಲ ತಿರುಗಿದ್ದು ನನಗೆ ಗೊತ್ತಾಯಿತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು. ಸಾಸಿವೆ ಸೀಯುತ್ತಿತ್ತು. ಎದ್ದು ಹೋಗಿ ಇಳಿಸಬೇಕು ಅಂತ ಕೈ ತಾನಾಗಿ ಎದ್ದಿತು, ಅಲ್ಲೇ ನಿಂತಿತು.

ಆಮೇಲೆ ಸಲಹೆ ಕೊಡುವವರು ಶುರುವಾದರು. ಮೊದಲು ತೂಕ ಇಳಿಸುವುದಕ್ಕೆ ಹೇಳಿಕೊಟ್ಟ ಬಾಯಿಗಳೇ ಈಗ ಬೇರೆ ಪಾಠ ಹೇಳಿದವು. ಪರ್ವತಯ್ಯ ಬಂದು, "ತುಪ್ಪ ತಿನ್ನಮ್ಮ, ನನಗೆ ಅದೇ ಆಗಿದ್ದು," ಅಂದ. ಜೈಬುನ್ನಿಸಾ ಅಂದಳು, "ಅಷ್ಟು ತಲೆಬಿಸಿ ಯಾಕೆ? ಎಷ್ಟು ಕಮ್ಮಿ ಆಗಿದ್ಯೋ ಅಷ್ಟು ರಾಗಿ ಬೆನ್ನಿಗೆ ಕಟ್ಕೊಂಡು ನಿಂತ್ಕೋ. ಕಲ್ಲಿಗೇನು ಕಣ್ಣಿದೆಯಾ?"

ಕಣ್ಣಿರಲಿಲ್ಲ. ಯಜಮಾನರು ರಾಗಿಯ ಚೀಲವೊಂದನ್ನು ಅಳತೆಗೆ ಸರಿಮಾಡಿ ಕೊಟ್ಟರು. ಅದನ್ನು ಬೆನ್ನಿಗೇರಿಸಿ, ಬಾಗಿಕೊಂಡು, ಕಲ್ಲಿನ ಮೇಲೆ ನಿಂತ ಕೂಡಲೇ ಎರಡೂ ಕದ ತೆರೆದವು. ಒಳಗೆ ಹೋಗಿ ಚೀಲ ಇಳಿಸಿದೆ. ಅತ್ತೆ ಸೌಟು ಕೈಗೆ ಕೊಟ್ಟು, "ಉಪ್ಪು ನೋಡು," ಅಂದರು. ಅಷ್ಟು ಸಾಕಾಗಿತ್ತು ನನಗೆ. ಸಂತೆಗೆ ಹೋಗಲಿ, ಗಿರಣಿಗೆ ಹೋಗಲಿ, ಬಟ್ಟೆ ಒಗೆಯಲು ಕೆರೆಗೆ ಹೋಗಲಿ, ಚೀಲ ಜೊತೆಗೆ ಬರುತ್ತಿತ್ತು. ಬಸ್ಸಿನ ಕಂಡಕ್ಟರು ಈಗ, "ಅಮ್ಮಾ, ನಿಮಗೆ ಒಂದು ಸೀಟು ಸಾಕು, ನಿಮ್ಮ ರಾಗಿಗೆ ಎಲ್ಲಿ ಜಾಗ ಕೊಡ್ಲಿ?" ಅನ್ನುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಕೆಲವು ವಾರಕ್ಕೆ ಮಂಡಿ ಮತ್ತೆ ಚುಳುಕ್ ಅನ್ನತೊಡಗಿತು. ಒಂದು ಮಧ್ಯಾಹ್ನ ಏರುಬೀದಿಯಲ್ಲಿ ಬರುತ್ತ ಬಾವಿಕಟ್ಟೆಯ ಮೇಲೆ ಚೀಲ ಇಳಿಸಿ ಕೂತೆ. ಗರಡಿಮನೆಯ ಹತ್ತಿರ ಮತ್ತೆ ಇಳಿಸಿ ಕೂತೆ. ಜೈಬುನ್ನಿಸಾಳ ಮೆಟ್ಟಿಲ ಮೇಲೆ ಕೂತಾಗ ಶಾಲೆ ಬಿಟ್ಟು ಬಂದ ವಚನಾ ನನ್ನ ಪಕ್ಕ ಬಂದು ಕೂತು, ಚೀಲಕ್ಕೆ ಒರಗಿ, ಕಾಲು ಆಡಿಸತೊಡಗಿದಳು. ಅವಳಿಗೆ ಏನೂ ಬದಲಾದ ಹಾಗೆ ಕಾಣಲಿಲ್ಲ.

ಮೈಮೇಲಿನದನ್ನು ಕೊಯ್ಯಿಸಿ ಬಂದು ಬೆನ್ನ ಮೇಲೆ ಕಟ್ಟಿಕೊಂಡಿದ್ದೆ. ಹಾಗಾದರೆ ನಾನು ಪಟ್ಟಣಕ್ಕೆ ಹೋದದ್ದು ಯಾಕೆ? ಜೈಬುನ್ನಿಸಾಳನ್ನು ಕರೆದು, "ಈ ರಾಗಿ ನೀನೇ ಬೀಸಿಸ್ಕೊಂಡು ರೊಟ್ಟಿ ಮಾಡ್ಕೋ," ಅಂದೆ.

"ಮನೆಗೆ ಹೆಂಗೆ ಹೋಗ್ತೀಯಕ್ಕಾ?"

"ಗೊತ್ತಿಲ್ಲ."

ಅದು ನಿಜ. ಗೊತ್ತಿರಲಿಲ್ಲ. ಆ ರಾತ್ರಿ ನೆಂಟಳಾಗಿಯೇ ಚಾಪೆಯ ಮೇಲೆ ಮಲಗಿದೆ. ಅತ್ತೆ ಹೊಸ ದುಪ್ಪಟಿ ತಂದು ಹೊದಿಸಿ, "ಏನಾದ್ರೂ ಬೇಕಾದ್ರೆ ಕೇಳಿ," ಅಂದರು. ಆಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದರು.

ಮಾರನೆಯ ದಿನ ಬರಿಗೈಯಲ್ಲಿ ಶಾಲೆಯ ಹತ್ತಿರ ಹೋದೆ. ವಚನಾ ಬಂದಳು. ಬಾವಿಕಟ್ಟೆ ಬಂದಾಗ ಅವಳು ಅಭ್ಯಾಸದಂತೆ ಕೂತಳು. ನಾನು ಕೂರಲಿಲ್ಲ. ಅವಳು ನನ್ನ ಮುಖ ನೋಡಿದಳು.

"ಯಾಕಮ್ಮಾ?"

"ಸುಮ್ನೆ. ಇವತ್ತು ಕೂರೋದು ಬೇಡ ಅಂತ."

"ಮತ್ತೆ ಸುಸ್ತಾದ್ರೆ?"

"ಆದ್ರೆ ಆಗ್ಲಿ. ನಿನಗೆ ಆಗಿದ್ಯಾ?"

ಅವಳು ಯೋಚಿಸಿದಳು. ಈ ಪ್ರಶ್ನೆಯನ್ನು ತನಗೆ ತಾನೇ ಮೊದಲ ಸಲ ಕೇಳಿಕೊಳ್ಳುತ್ತಿರುವ ಹಾಗೆ. "ಇಲ್ಲ," ಅಂದಳು. ಗರಡಿಮನೆಯ ಹತ್ತಿರ ಬಂದಾಗ ಜಗಲಿಯ ಕಡೆ ಒಮ್ಮೆ ನೋಡಿ, ಕೂರದೆ, ನಾಲ್ಕು ಹೆಜ್ಜೆ ಬೇಗ ಹಾಕಿದಳು. ನಾನೂ ಹಾಕಿದೆ. ಅವಳು ನಕ್ಕು ಇನ್ನೂ ಬೇಗ ಹೆಜ್ಜೆ ಹಾಕಿದಳು. ಆಮೇಲೆ ನಾವು ಓಡುತ್ತಿದ್ದೆವು. ನಲವತ್ತು ದಾಟಿದ ಹೆಂಗಸು ಸೀರೆ ಎತ್ತಿ ಹಿಡಿದು, ಇಳಿಬಿದ್ದ ತೋಳು ಪಟಪಟ ಅನ್ನಿಸುತ್ತ, ಬೀದಿಯಲ್ಲಿ ಓಡುವುದು ಹೇಗೆ ಕಾಣುತ್ತದೋ ನಾನು ಯೋಚಿಸಲಿಲ್ಲ. ಅಂಗಡಿಯಿಂದ ಜೈಬುನ್ನಿಸಾ, "ಮನೆಗೆ ಬೆಂಕಿ ಬಿತ್ತಾ?" ಅಂತ ಕೂಗಿದ್ದು ಕೇಳಿಸಿತು. ಓಡುತ್ತ ಬಂದ ರಭಸಕ್ಕೆ ಇಬ್ಬರೂ ಒಟ್ಟಿಗೆ ಕಲ್ಲಿನ ಮೇಲೆ ಹಾರಿದೆವು. ನಾನು ಬೀಳದಿರಲೆಂದು ಅವಳು ನನ್ನ ಸೊಂಟ ಹಿಡಿದುಕೊಂಡಳು. ಅವಳ ತೋಳು ನನ್ನ ಸೊಂಟದ ಸುತ್ತ ಪೂರ್ತಿ ಬಂತು. ಹಿಂದೆ ಬರುತ್ತಿರಲಿಲ್ಲ.

ಎರಡೂ ಕದ ತೆರೆದವು.

ಒಳಗೆ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೊರ ಪಕ್ಕಕ್ಕೆ ಸರಿಸಿ, ನಮ್ಮಿಬ್ಬರನ್ನೂ ನೋಡಿದರು. ಒಬ್ಬ ಬೆಳೆದ ಹುಡುಗಿಯಷ್ಟು ಭಾರ ಅಂತ ಡಾಕ್ಟರಮ್ಮ ಅಂದದ್ದು ಅವರಿಗೆ ಗೊತ್ತಿರಲಿಲ್ಲ. ಆದರೆ ಅವರು ಹಿಂದೊಂದು ದಿನ ಇದೇ ಬಾಗಿಲಿನಲ್ಲಿ ಇದೇ ಇಬ್ಬರನ್ನು ನೋಡಿದ್ದರು. ಎದ್ದು ಬಂದು ಹೊಸ್ತಿಲ ಒಳಗಿನಿಂದ ಎರಡೂ ಕೈ ಚಾಚಿದರು.

"ಮಗೂನ ಇತ್ಲಾಗೆ ಕೊಡು," ಅಂದರು.

"ಅಜ್ಜೀ, ನಾನೇ ಬರ್ತೀನಿ."

"ನೀನು ಸುಮ್ನಿರು. ಮಂಗಳಾ, ನೀನು ಇಳೀಬೇಡ. ಅವತ್ತು ನಿಂತಂಗೆ ನಿಂತ್ಕೋ."

ಹನ್ನೆರಡು ದಾಟಿದ ಮಗಳ ಕಂಕುಳಿಗೆ ಕೈ ಹಾಕಿ ಅವರು ಎತ್ತಲು ನೋಡಿದರು, ಆಗಲಿಲ್ಲ. ನಾನು ಈ ಕಡೆಯಿಂದ ಎತ್ತಿ ಹೊಸ್ತಿಲು ದಾಟಿಸಿದೆ. ಅವಳು ಅತ್ತ ಇಳಿದಳು. ನಾನು ಒಬ್ಬಳೇ ಕಲ್ಲಿನ ಮೇಲೆ ಉಳಿದೆ. ಬಲಗಡೆಯ ಕದ ಮುಚ್ಚಲು ಹೊರಟು, ನಿಂತಿತು. ಮತ್ತೆ ತೆರೆಯಿತು. ಎಡಗಡೆಯದೂ ಅಲ್ಲಾಡಿತು. ಎರಡೂ ಹೀಗೆ ಹಿಂದೆ ಮುಂದೆ ಆಡುತ್ತ, ಯಾರಿಗೆ ಏನು ಹೇಳಬೇಕು ಅಂತ ತಿಳಿಯದವರ ಹಾಗೆ ಕಿರುಗುಟ್ಟುತ್ತಿದ್ದವು. ಅತ್ತೆ ಬಾಗಿಲಿಗೆ ಕೈ ಹಚ್ಚಲಿಲ್ಲ. ವಚನಾ ಹಚ್ಚಲು ಹೋದರೆ ತಡೆದರು. "ಅದಕ್ಕೆ ಗಾಬರಿ ಆಗಿದೆ. ಬಿಡು."

ಬಿಸಿಲು ಇಳಿಯಿತು. ಯಜಮಾನರು ಗಿರಣಿ ಮುಚ್ಚಿ, ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಬಂದವರು ನನ್ನನ್ನು ನೋಡಿ ಬೀದಿಯಲ್ಲೇ ನಿಂತರು. ಅವರ ಹೆಗಲ ಮೇಲೆ ಒಂದು ಚೀಲವಿತ್ತು. ನನಗೆಂದೇ ತಂದದ್ದು.

"ನಾನು ಬರ್ಲಾ, ಬೇಡ್ವಾ?" ಅಂದರು.

"ಅಲ್ಲೇ ಇರಿ," ಅಂದೆ. "ಆ ಚೀಲ ಕಲ್ಲಿನ ಹತ್ತಿರ ತರ್ಬೇಡಿ."

ಅವರು ಚೀಲವನ್ನು ಬೀದಿಯ ಆ ಕಡೆಗೆ ಹೊತ್ತುಕೊಂಡು ಹೋಗಿ ಇಳಿಸಿ, ಅದರ ಮೇಲೆಯೇ ಕೂತು ನೋಡತೊಡಗಿದರು. ಅವರು ನೋಡುತ್ತಿದ್ದುದು ಬಲಗಡೆಯ ಕದವನ್ನು. ಅದು ಮುಚ್ಚಿದರೆ ಅವರ ಹಳೆಯ ಮಂಗಳಾ ಇನ್ನು ಈ ಬಾಗಿಲಿನಲ್ಲಿ ಬರುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುಚ್ಚಲಿ ಅಂತ ಬೇಡಿಕೊಂಡೆನೋ ಮುಚ್ಚದಿರಲಿ ಅಂತ ಬೇಡಿಕೊಂಡೆನೋ, ಬೇಡಿಕೊಂಡದ್ದಂತೂ ಹೌದು.

ಒಳಗೆ ದೀಪ ಹಚ್ಚುವ ಹೊತ್ತಿಗೆ ಬಲಗಡೆಯ ಕದ ನಿಧಾನಕ್ಕೆ, ಸದ್ದೇ ಮಾಡದೆ, ಮುಚ್ಚಿಕೊಂಡಿತು. ಎಡಗಡೆಯದು ತೆರೆದೇ ಉಳಿಯಿತು. ಅತ್ತೆ ಅಡುಗೆಮನೆಗೆ ಹೋದರು. ಸೌಟು ಪಾತ್ರೆಗೆ ತಗಲಿದ ಸದ್ದು ಬಂತು, ಅದರ ಹಿಂದೆಯೇ ಅವರ ದನಿ. "ಬಂದು ಉಪ್ಪು ನೋಡು."

ಒಂದೇ ಕದದ ಬಾಗಿಲು. ನಾನು ಅಡ್ಡ ತಿರುಗಿದೆ, ಸೆರಗು ಒತ್ತಿ ಹಿಡಿದೆ, ಉಸಿರು ಬಿಗಿಹಿಡಿದು ಒಂದು ಹೆಗಲು ಮುಂದೆ ಮಾಡಿ ಕಾಲಿಟ್ಟೆ. ಬೆನ್ನಿಗೆ ಮುಚ್ಚಿದ ಕದದ ಅಂಚು ತಾಗುತ್ತದೆ ಅಂತ ಕಾದೆ. ಏನೂ ತಾಗಲಿಲ್ಲ.

ವಚನಾ ದೀಪದ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಅಮ್ಮಾ, ನೇರವಾಗಿ ಬಾರಮ್ಮ," ಅಂದಳು.

ನೇರವಾಗಿ ಬರುವುದು ಹೇಗೆ ಅಂತ ನನಗೆ ಆ ಹೊತ್ತಿನಲ್ಲಿ ನಿಜವಾಗಿಯೂ ಗೊತ್ತಾಗಲಿಲ್ಲ. ಒಂದು ಕಾಲು ಒಳಗೆ, ಒಂದು ಕಾಲು ಇನ್ನೂ ಕಲ್ಲಿನ ಮೇಲೆ ಇಟ್ಟುಕೊಂಡು, ಬಿಗಿಹಿಡಿದಿದ್ದ ಉಸಿರನ್ನು ಸ್ವಲ್ಪ ಸ್ವಲ್ಪವಾಗಿ ಬಿಡತೊಡಗಿದೆ.